ಕಣ್ಣ ಮುಂದೆ ಸೊಳ್ಳೆ ಹಾರಿದ ಹಾಗೆ ಕಂಡರೆ ಏನು ಮಾಡಬೇಕು

ನೆರೂಲಿನಿಂದ ಸಿಎಸ್‌ಎಂಟಿ ಕಡೆಗೆ ಹೋಗುವ ಮುಂಬೈ ಲೋಕಲ್ ರೈಲು ವಾಶಿ ಬಿಟ್ಟು ಸಮುದ್ರದ ಖಾಡಿಯ ಸೇತುವೆ ಹತ್ತಿದರೆ ಮಾನ್‌ಖುರ್ದ್ ಕಡೆ ಇಳಿಯುವವರೆಗೆ ಬರೀ ಆಕಾಶ. ಜುಲೈ ತಿಂಗಳು, ಮೋಡವೆಲ್ಲ ಒಗೆದ ಪಂಚೆಯ ಹಾಗೆ ಬೆಳ್ಳಗಿತ್ತು. ಅದರ ಮೇಲೆ ಒಂದು ಕಪ್ಪು ನೂಲಿನ ತುಂಡು, ಪಕ್ಕದಲ್ಲಿ ಎರಡು ಚುಕ್ಕೆ. ಚಷ್ಮಾ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದೆ, ಹೋಗಲಿಲ್ಲ. ನೇರವಾಗಿ ನೋಡೋಣ ಅಂತ ಕಣ್ಣು ಹೊರಳಿಸಿದರೆ ಅದೂ ಪಕ್ಕಕ್ಕೆ ಜಾರುತ್ತದೆ, ಕಣ್ಣು ನಿಲ್ಲಿಸಿದರೆ ಮೆಲ್ಲಗೆ ತೇಲಿಕೊಂಡು ಇಳಿಯುತ್ತದೆ. ಕುರ್ಲಾದಲ್ಲಿ ಜನ ನುಗ್ಗಿದ ಮೇಲೆ ನೂಲೂ ಇಲ್ಲ, ಚುಕ್ಕೆಯೂ ಇಲ್ಲ.

ಮನೆ ಹತ್ತಿರದ ಚಷ್ಮಾ ಅಂಗಡಿಯವರು ನಂಬರ್ ಬದಲಾಗಿದೆ ಅಂತ ಹೊಸ ಲೆನ್ಸ್ ಹಾಕಿಸಿದರು. ದುಡ್ಡು ಹೋಯಿತು, ನೂಲು ಹೋಗಲಿಲ್ಲ. ಅದು ಗಾಜಿನ ಮೇಲಿದ್ದರೆ ತಾನೇ ಹೋಗೋದು!

ಅದು ಇರುವುದು ಕಣ್ಣಿನ ಒಳಗೆ. ಕಣ್ಣುಗುಡ್ಡೆಯ ತುಂಬ ವಿಟ್ರಿಯಸ್ ಅಂತ ಒಂದು ಜೆಲ್ಲಿ ಇರುತ್ತದೆ, ಸುಮಾರು 4 ಮಿಲಿಲೀಟರ್, ಅಂದರೆ ಒಂದು ಟೀ ಚಮಚವೂ ತುಂಬುವುದಿಲ್ಲ. ಅದರಲ್ಲಿ ಶೇಕಡಾ 98ಕ್ಕಿಂತ ಜಾಸ್ತಿ ನೀರೇ, ಉಳಿದಂತೆ ಕೊಲಾಜನ್ ಅನ್ನುವ ಪ್ರೋಟೀನಿನ ತೆಳ್ಳನೆಯ ಎಳೆಗಳು. ಗಟ್ಟಿ ಮೊಸರನ್ನು ಎರಡು ದಿನ ಇಟ್ಟರೆ ನೀರು ಬೇರೆ, ಗಡ್ಡೆ ಬೇರೆ ಆಗುತ್ತದಲ್ಲ, ವಯಸ್ಸಾದ ಹಾಗೆ ಈ ಜೆಲ್ಲಿಯೂ ಹಾಗೇ ನೀರು ಬಿಡುತ್ತದೆ, ಎಳೆಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ನಮಗೆ ಕಾಣುವುದು ಆ ಗಂಟಿನ ನೆರಳು, ಹಿಂದಿನ ಪರದೆಯಾದ ರೆಟಿನಾ ಮೇಲೆ ಬಿದ್ದದ್ದು. ಪ್ರಖರ ಬೆಳಕಲ್ಲಿ ಕಣ್ಣಿನ ಪಾಪೆ ಸಣ್ಣದಾಗಿ ನೆರಳು ಚೂಪಾಗುತ್ತದೆ, ಮಂದ ಬೆಳಕಲ್ಲಿ ಪಾಪೆ ಅಗಲವಾಗಿ ನೆರಳು ಕರಗಿಹೋಗುತ್ತದೆ. ಬಿಳಿ ಗೋಡೆ, ಆಕಾಶ, ಕಂಪ್ಯೂಟರಿನ ಖಾಲಿ ಪುಟ, ಇಲ್ಲೆಲ್ಲ ಜಾಸ್ತಿ ಕಾಣುವುದು ಅದಕ್ಕೇ. ಮೈನಸ್ ನಂಬರ್ ಇರುವವರಿಗೆ ಕಣ್ಣುಗುಡ್ಡೆ ಸ್ವಲ್ಪ ಉದ್ದ, ಹಾಗಾಗಿ ಇದು ಬೇಗ ಶುರುವಾಗುತ್ತದೆ. ನನ್ನದು ಮೈನಸ್ ಐದೂವರೆ, ದೂರುವ ಹಾಗಿಲ್ಲ.

ಈಗ ನಿಮ್ಮದು ಏನು ಅಂತ ನೋಡಿಕೊಳ್ಳಿ. ಸೂರ್ಯನ ಕಡೆ ಅಲ್ಲ, ಮೋಡದ ಕಡೆಯೋ ಬಿಳಿ ಗೋಡೆಯ ಕಡೆಯೋ ತಿರುಗಿ, ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ. ಇನ್ನೊಂದು ಕಣ್ಣನ್ನು ಮೇಲೆ ಕೆಳಗೆ ಸರಕ್ಕನೆ ಆಡಿಸಿ ನಿಲ್ಲಿಸಿ. ಕಣ್ಣು ನಿಂತ ಮೇಲೂ ಚುಕ್ಕೆ ಇನ್ನೂ ತೇಲುತ್ತಿದ್ದರೆ ಅದು ಫ್ಲೋಟರ್, ಅಂದರೆ ಆಗ ಹೇಳಿದ ಜೆಲ್ಲಿಯ ಗಂಟಿನ ನೆರಳು. ಕಣ್ಣು ಹೋದಲ್ಲೆಲ್ಲ ಒಂದೇ ಜಾಗದಲ್ಲಿ ಗೂಟ ಹೊಡೆದ ಹಾಗೆ ನಿಲ್ಲುವ ಕಲೆ ಫ್ಲೋಟರ್ ಅಲ್ಲ, ಅದನ್ನು ಡಾಕ್ಟರಿಗೆ ತೋರಿಸಲೇಬೇಕು. ನೀಲಿ ಆಕಾಶದಲ್ಲಿ ಮಿಣುಕು ಚುಕ್ಕೆಗಳು ಇರುವೆಯ ಹಾಗೆ ಸುಳಿದು ಮಾಯವಾದರೆ ಅವು ರೆಟಿನಾದ ಸಣ್ಣ ರಕ್ತನಾಳಗಳಲ್ಲಿ ಓಡುವ ಬಿಳಿ ರಕ್ತಕಣಗಳು, ಎಲ್ಲರಿಗೂ ಇರುವಂಥದ್ದು. ಎರಡೂ ಕಣ್ಣಲ್ಲಿ ಅಂಕುಡೊಂಕು ಗೆರೆ ಮಿನುಗುತ್ತಾ ದೊಡ್ಡದಾಗಿ, ಅರ್ಧ ಗಂಟೆಯೊಳಗೆ ಹೋಗಿಬಿಟ್ಟರೆ ಹೆಚ್ಚಾಗಿ ಮೈಗ್ರೇನ್. ಆದರೆ ಮೊದಲ ಸಲ ಬಂದಿದ್ದರೆ ನೀವೇ ತೀರ್ಮಾನ ಮಾಡಬೇಡಿ.

ಹಾಗೆ ನೋಡಿದರೆ ಚುಕ್ಕೆ ಎಷ್ಟಿವೆ ಅನ್ನುವುದು ಮುಖ್ಯ ಅಲ್ಲ, ಯಾವಾಗ ಬಂದವು ಅನ್ನುವುದು ಮುಖ್ಯ. ವರ್ಷಗಳಿಂದ ಇರುವ ನಾಲ್ಕು ಚುಕ್ಕೆ ಹಾಗೇ ಇದ್ದರೆ ಸುಮ್ನೆ ಬಿಡಿ. ನಿನ್ನೆ ಇಲ್ಲದ್ದು ಇವತ್ತು ಬಂದರೆ ಬಿಡಬೇಡಿ. ಸಾಮಾನ್ಯವಾಗಿ 50 ದಾಟಿದ ಮೇಲೆ ಆ ಜೆಲ್ಲಿ ಕುಗ್ಗಿ ರೆಟಿನಾದಿಂದ ಕಳಚಿಕೊಳ್ಳುತ್ತದೆ. ಬಹಳ ಜನರಿಗೆ ಏನೂ ಆಗುವುದಿಲ್ಲ. ಕೆಲವರಿಗೆ ಮಾತ್ರ ಅಂಟಿಕೊಂಡಿದ್ದ ಜಾಗದಲ್ಲಿ ರೆಟಿನಾವನ್ನೂ ಜಗ್ಗಿ ಹರಿದುಬಿಡುತ್ತದೆ, ಹಳೇ ಗೋಡೆಯಿಂದ ಪೋಸ್ಟರ್ ಕಿತ್ತರೆ ಸುಣ್ಣವೂ ಬರುವ ಹಾಗೆ. ಹಾಗೆ ಜಗ್ಗುವಾಗ ಕತ್ತಲಲ್ಲೂ ಕಣ್ಣಂಚಿನಲ್ಲಿ ಮಿಂಚು ಕಾಣುತ್ತದೆ, ಯಾಕೆಂದರೆ ರೆಟಿನಾಗೆ ಗೊತ್ತಿರುವುದು ಬೆಳಕೊಂದೇ, ಎಳೆದರೂ ಅದು ಬೆಳಕು ಅಂತಲೇ ಹೇಳುತ್ತದೆ. ಆದ್ದರಿಂದ ಒಮ್ಮೆಲೇ ಚುಕ್ಕೆಗಳ ಮಳೆ, ಮಸಿ ಚೆಲ್ಲಿದ ಹಾಗೆ, ಹೊಗೆ ಸುತ್ತಿದ ಹಾಗೆ, ಮಿಂಚು, ಇಲ್ಲವೇ ಒಂದು ಬದಿಯಿಂದ ಪರದೆ ಎಳೆದ ಹಾಗೆ ನೆರಳು, ಇವುಗಳಲ್ಲಿ ಯಾವುದೊಂದು ಬಂದರೂ ಅವತ್ತೇ ಕಣ್ಣಿನ ಆಸ್ಪತ್ರೆಗೆ ಹೋಗಿ. ಭಾನುವಾರ ಕಳೆಯಲಿ, ಗಣಪತಿ ವಿಸರ್ಜನೆ ಮುಗಿಯಲಿ ಅನ್ನಬೇಡಿ. ನೋವಿಲ್ಲವಲ್ಲ, ಕಣ್ಣು ಕೆಂಪಾಗಿಲ್ಲವಲ್ಲ ಅಂತಲೂ ಅನ್ನಬೇಡಿ, ರೆಟಿನಾ ಹರಿದರೆ ನೋವೇ ಆಗುವುದಿಲ್ಲ, ಜನ ಮೋಸಹೋಗುವುದು ಅಲ್ಲೇ. ಬರೀ ಹರಿದಿದ್ದರೆ ಸುತ್ತಲೂ ಲೇಸರ್ ಹಾಕಿ ಭದ್ರ ಮಾಡುತ್ತಾರೆ, ಸಾಮಾನ್ಯವಾಗಿ ಅವತ್ತೇ ಮನೆಗೆ ಬರಬಹುದು. ರೆಟಿನಾ ಕಳಚಿಯೇ ಹೋದರೆ ಆಪರೇಷನ್. ಶುಗರ್ ಇರುವವರು, ಪೊರೆ ಆಪರೇಷನ್ ಆದವರು, ಕಣ್ಣಿಗೆ ಪೆಟ್ಟು ಬಿದ್ದವರು ಇನ್ನೂ ಬೇಗ ಹೋಗಬೇಕು. ಶುಗರ್‌ನವರಿಗೆ ಅದು ಒಳಗೆ ರಕ್ತ ಒಸರಿದ್ದೂ ಇರಬಹುದು.

ಹೋಗುವಾಗ ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಪಾಪೆ ಅಗಲವಾಗಲು ಡ್ರಾಪ್ಸ್ ಹಾಕುತ್ತಾರೆ, ಅರ್ಧ ಗಂಟೆ ಕಣ್ಣು ಮುಚ್ಚಿ ಕೂರಬೇಕು. ಆಮೇಲೆ ಡಾಕ್ಟರ್ ತಲೆಗೆ ದೀಪ ಕಟ್ಟಿಕೊಂಡು, ಕೈಯಲ್ಲಿ ಲೆನ್ಸ್ ಹಿಡಿದು, ಮೇಲೆ ನೋಡಿ, ಎಡಕ್ಕೆ ನೋಡಿ ಅನ್ನುತ್ತಾ ಅಂಚಿನವರೆಗೂ ನೋಡುತ್ತಾರೆ. ಮುಗಿದ ಮೇಲೆ ನಾಲ್ಕೈದು ಗಂಟೆ ಎಲ್ಲ ಮಂಜು ಮಂಜು, ಬೆಳಕು ಕಣ್ಣಿಗೆ ಚುಚ್ಚುತ್ತದೆ. ನಾನು ಒಬ್ಬನೇ ಹೋಗಿದ್ದೆ, ಬುದ್ಧಿವಂತ! ಬರುವಾಗ ಕುರ್ಲಾ ಪ್ಲಾಟ್‌ಫಾರ್ಮಿನಲ್ಲಿ ಇಂಡಿಕೇಟರಿನ ಅಕ್ಷರಗಳೆಲ್ಲ ದೀಪಾವಳಿ ಸುರುಸುರು ಬತ್ತಿಯ ಹಾಗೆ ಸಿಡಿದು ಕಾಣುತ್ತಿದ್ದವು. ಪನ್ವೇಲ್ ಅಂದುಕೊಂಡು ವಾಶಿ ಲೋಕಲ್ ಹತ್ತಿದೆ, ವಾಶಿಯಲ್ಲಿ ಇಳಿದು ಕಣ್ಣು ಕಿರಿದು ಮಾಡಿಕೊಂಡು ಮುಂದಿನ ಗಾಡಿಗೆ ಕಾದೆ. ಕೂಲಿಂಗ್ ಗ್ಲಾಸ್ ಇಟ್ಟುಕೊಳ್ಳಿ, ಸ್ಕೂಟರ್ ಬೇಡವೇ ಬೇಡ. ಏಳುವ ಮುಂಚೆ ಎರಡು ಪ್ರಶ್ನೆ ಕೇಳಿ, ರೆಟಿನಾದ ಅಂಚು ಪೂರ್ತಿ ನೋಡಿದಿರಾ, ಮತ್ತೆ ಯಾವಾಗ ಬರಬೇಕು. ಜೆಲ್ಲಿ ಹೊಸದಾಗಿ ಕಳಚಿದ್ದರೆ ಕೆಲವು ವಾರ ಬಿಟ್ಟು ಇನ್ನೊಮ್ಮೆ ಕರೆಯುವುದುಂಟು, ತಪ್ಪಿಸಬೇಡಿ.

ಎಲ್ಲ ಸರಿಯಿದೆ ಅಂದರೆ ಔಷಧಿ ಏನೂ ಇಲ್ಲ. ಚುಕ್ಕೆ ಕರಗಿಸುವ ಡ್ರಾಪ್ಸ್ ಅಂತ ಯಾರಾದರೂ ಮಾರಿದರೆ ಕೊಳ್ಳಬೇಡಿ. ಜೆಲ್ಲಿಯನ್ನೇ ತೆಗೆಯುವ ಆಪರೇಷನ್ ಇದೆ, ಆದರೆ ಆಮೇಲೆ ಪೊರೆ ಬೇಗ ಬರುತ್ತದೆ, ಓದಲೂ ಆಗದಷ್ಟು ಕಾಟ ಇರುವವರಿಗೆ ಮಾತ್ರ ಅದು. ಓದುವಾಗ ನೂಲು ಅಡ್ಡ ಬಂದರೆ ಕಣ್ಣನ್ನು ಒಮ್ಮೆ ಮೇಲೆ ಕೆಳಗೆ ಆಡಿಸಿ, ಬದಿಗೆ ಸರಿಯುತ್ತದೆ. ಕೆಲವು ತಿಂಗಳಲ್ಲಿ ಮಿದುಳೇ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ.

ನನ್ನ ನೂಲು ಇನ್ನೂ ಇದೆ, ಎರಡು ಚುಕ್ಕೆಯೂ ಇವೆ. ಪ್ರತಿ ಸೋಮವಾರ ಸೇತುವೆ ಮೇಲೆ ಒಂದೊಂದೇ ಕಣ್ಣು ಮುಚ್ಚಿ ಎಣಿಸುತ್ತೇನೆ, ಮೂರನೆಯ ಚುಕ್ಕೆ ಬಂದಿದೆಯಾ ಅಂತ. ಎದುರು ಸೀಟಿನವರು ಒಂಥರಾ ನೋಡುತ್ತಾರೆ, ನೋಡಲಿ.