ಬಾಕಿ ಪಗಾರ ವಸೂಲಿ ಮಾಡುವುದು ಹೇಗೆ?

ಕೆಲಸ ಬಿಟ್ಟರೂ ಸರಿ, ಬಿಡಿಸಿದರೂ ಸರಿ, ಎರಡು ಕೆಲಸದ ದಿನಗಳೊಳಗೆ ಲೆಕ್ಕ ಚುಕ್ತಾ ಆಗಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ 17ನೇ ಕಲಂ ಹೇಳುವುದು ಇದನ್ನೇ. ದಿನಗೂಲಿಯವರಿಗೆ ಪಾಳಿ ಮುಗಿದಾಗಲೇ ದುಡ್ಡು, ವಾರದ ಬಟವಾಡೆಯವರಿಗೆ ರಜೆಯ ಹಿಂದಿನ ದಿನ, ತಿಂಗಳ ಪಗಾರದವರಿಗೆ ಮುಂದಿನ ತಿಂಗಳ 7ರೊಳಗೆ. ಹಳೆಯ ಕಾಯ್ದೆ ತಿಂಗಳಿಗೆ 24,000 ರೂಪಾಯಿವರೆಗಿನ ಸಂಬಳಗಾರರಿಗಷ್ಟೇ ಇತ್ತು, ಈಗ ಆ ಮಿತಿಯಿಲ್ಲ. ದಾವಣಗೆರೆಯ ಮಂಡಕ್ಕಿ ಭಟ್ಟಿ, ಚಳ್ಳಕೆರೆಯ ಎಣ್ಣೆ ಮಿಲ್ಲು, ಹರಿಹರದ ವರ್ಕ್‌ಶಾಪು, ಕಟ್ಟಡದ ಕೆಲಸ ಎಲ್ಲಕ್ಕೂ ಇದೇ ನಿಯಮ.

ಮೊದಲು ಪುರಾವೆ. ಹಣ ಕೊಟ್ಟಾಗಿದೆ ಎಂದು ಸಾಬೀತು ಮಾಡುವ ಹೊಣೆಯನ್ನು 59ನೇ ಕಲಂ ಮಾಲೀಕನ ತಲೆಗೇ ಕಟ್ಟಿದೆ. ಆದ್ದರಿಂದ ಎದುರಿನವರು ಹಿಡಿಯುವ ದಾರಿ ಒಂದೇ: ‘ಈ ಮನುಷ್ಯ ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ’. ಅರ್ಜಿಗಳು ಬಿದ್ದುಹೋಗುವುದು ಹೆಚ್ಚಾಗಿ ಇಲ್ಲೇ, ಮೊತ್ತದ ತಕರಾರಿನಲ್ಲಲ್ಲ. ಕೆಲಸದಲ್ಲಿರುವಾಗಲೇ ಹಾಜರಿ ಪುಸ್ತಕದ ನಿಮ್ಮ ಹೆಸರಿನ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ. ಮೇಸ್ತ್ರಿ ಫೋನ್‌ಪೇ ಮಾಡಿದ ಹಣದ ಮೆಸೇಜು, ‘ನಾಳೆ ಬೇಗ ಬಾ’ ಎಂಬ ವಾಟ್ಸ್ಯಾಪ್ ಧ್ವನಿ ಸಂದೇಶ, ಗೇಟ್ ಪಾಸು ಯಾವುದನ್ನೂ ಅಳಿಸಬೇಡಿ. ಇವೇನೂ ಇಲ್ಲದಿದ್ದರೆ ಜೊತೆಗೆ ದುಡಿದ ಇಬ್ಬರ ಹೇಳಿಕೆಯಾದರೂ ಬೇಕು. ಇನ್ನೊಂದು: ಹಣ ಕೈಗೆ ಬರುವ ಮೊದಲು ‘ಲೆಕ್ಕ ಚುಕ್ತಾ’ ಕಾಗದಕ್ಕೆ, ಅದರಲ್ಲೂ ಖಾಲಿ ಹಾಳೆಗೆ, ಸಹಿ ಅಥವಾ ಹೆಬ್ಬೆಟ್ಟು ಬೇಡವೇ ಬೇಡ.

ಆಮೇಲೆ ಲೆಕ್ಕ. ದಿನಕ್ಕೆ 700 ರೂಪಾಯಿಯಂತೆ 22 ದಿನ ದುಡಿದಿದ್ದರೆ 15,400. ಅದರಲ್ಲಿ ಹತ್ತು ದಿನ ಎರಡೆರಡು ತಾಸು ಹೆಚ್ಚು ದುಡಿದಿದ್ದರೆ ಒಟ್ಟು 20 ತಾಸು ಓಟಿ. ಎಂಟು ತಾಸಿಗೆ 700 ಎಂದರೆ ತಾಸಿಗೆ 87.50, ಓಟಿಗೆ ಅದರ ದುಪ್ಪಟ್ಟು 175, ಅಲ್ಲಿಗೆ 3,500. ಕೂಡಿದರೆ 18,900. ಅಡ್ವಾನ್ಸ್ 5,000 ತೆಗೆದುಕೊಂಡಿದ್ದರೆ ಪ್ರಾಮಾಣಿಕವಾಗಿ ಕಳೆಯಿರಿ, ಮುಚ್ಚಿಟ್ಟದ್ದು ಹೊರಬಿದ್ದರೆ ಉಳಿದ ಲೆಕ್ಕವನ್ನೂ ಯಾರೂ ನಂಬುವುದಿಲ್ಲ. ಬಾಕಿ 13,900. ಮಾಲೀಕನ ಕಡಿತಕ್ಕೂ ಮಿತಿಯಿದೆ: ಎಲ್ಲ ಸೇರಿ ಆ ಅವಧಿಯ ಕೂಲಿಯ ಅರ್ಧಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ, ದಂಡ ಹಾಕಿದರೆ ಅದು ಶೇ 3 ಮೀರುವಂತಿಲ್ಲ.

ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು, ಇಂತಿಷ್ಟು ದಿನದಲ್ಲಿ ಕೊಡಿ ಎಂದು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಜೋಪಾನ ಮಾಡಿ. ಪತ್ರ ಮೇಸ್ತ್ರಿಗೊಂದು, ಮಿಲ್ ಅಥವಾ ಕಂಪನಿಯ ಮಾಲೀಕರಿಗೊಂದು ಹೋಗಬೇಕು. ಮೇಸ್ತ್ರಿ ಕೈಯೆತ್ತಿದರೆ ಕೆಲಸ ನಡೆದ ಸಂಸ್ಥೆಯ ಮಾಲೀಕರೇ ಕೊಡಬೇಕೆಂದು 43ನೇ ಕಲಂ ಹೇಳುತ್ತದೆ. ಮೇಸ್ತ್ರಿಯೊಬ್ಬನ ಮೇಲೆ ಮಾತ್ರ ಅರ್ಜಿ ಹಾಕಿದರೆ, ಅವನು ಫೋನ್ ಸ್ವಿಚ್ ಆಫ್ ಮಾಡಿದ ದಿನವೇ ಅದು ಕುಂಟುತ್ತದೆ. ಪೊಲೀಸ್ ಠಾಣೆಗೆ ಅಲೆದರೆ ‘ಲೇಬರ್ ಆಫೀಸಿಗೆ ಹೋಗಿ’ ಎನ್ನುವುದೇ ಹೆಚ್ಚು.

ಉತ್ತರ ಬರದಿದ್ದರೆ ಜಿಲ್ಲಾ ಕಾರ್ಮಿಕ ಕಚೇರಿ. 45ನೇ ಕಲಂ ಪ್ರಕಾರ ಕ್ಲೇಮು ಹಾಕಲು ಮೂರು ವರ್ಷದ ಅವಕಾಶವಿದೆ. ಹಿಂದೆ ಪಗಾರದ ಬಾಕಿಗೆ ಒಂದು ವರ್ಷ, ಕನಿಷ್ಠ ಕೂಲಿಯ ಕೊರತೆಗೆ ಆರೇ ತಿಂಗಳಿತ್ತು. ಹಾಗೆಂದು ಕಾಯಬೇಡಿ, ಸಾಕ್ಷಿ ಹೇಳುವವರು ಬೇರೆ ಊರಿಗೆ ಕೆಲಸಕ್ಕೆ ಹೋಗಿಬಿಟ್ಟಿರುತ್ತಾರೆ. ಒಂದೇ ಕಡೆ ದುಡಿದ ಹತ್ತು ಜನಕ್ಕೆ ಒಂದೇ ಅರ್ಜಿ ಸಾಕು. ನೀವು ಸದಸ್ಯರಾಗಿರುವ ನೋಂದಾಯಿತ ಸಂಘವೂ ಹಾಕಬಹುದು, ಊರಿಗೆ ವಾಪಸಾಗಲೇಬೇಕಾದವರಿಗೆ ಇದೇ ಒಳ್ಳೆಯ ದಾರಿ. ಅರ್ಜಿಗೆ ಆಧಾರ್, ಪಾಸ್‌ಬುಕ್ ಪ್ರತಿ, ಲೆಕ್ಕದ ಹಾಳೆ, ಪುರಾವೆ, ಸ್ಪೀಡ್ ಪೋಸ್ಟ್ ರಸೀದಿ ಲಗತ್ತಿಸಿ, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ವಕೀಲರು ಬೇಕೆನಿಸಿದರೆ ಕೋರ್ಟ್ ಆವರಣದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಕೇಳಿ, ಸಹಾಯವಾಣಿ 15100. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಅಲ್ಲಿ ಫೀಸಿಲ್ಲ.

ಕ್ಲೇಮು ವಿಚಾರಿಸುವ ಅಧಿಕಾರಿ ಮೂರು ತಿಂಗಳಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕು ಎಂದಿದೆ ಕಾನೂನು. ‘ಪ್ರಯತ್ನಿಸಬೇಕು’ ಅಷ್ಟೇ, ಹಾಗಾಗಿ ವಾಯಿದೆ ತಪ್ಪಿಸಬೇಡಿ. ಬಾಕಿಯ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ. ಆದೇಶವಾದರೂ ಕೊಡದಿದ್ದರೆ ವಸೂಲಿ ಪ್ರಮಾಣಪತ್ರ ಜಿಲ್ಲಾಧಿಕಾರಿಗೆ ಹೋಗಿ, ಭೂಕಂದಾಯದ ಬಾಕಿಯಂತೆ ವಸೂಲಾಗುತ್ತದೆ. ಅತೃಪ್ತರಾದವರು 90 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು.

ಒಡಿಶಾ, ಬಿಹಾರಗಳಿಂದ ಬಂದವರಿಗೆ ಇನ್ನೊಂದು ಬಾಬತ್ತಿದೆ. ತಿಂಗಳಿಗೆ 18,000 ರೂಪಾಯಿವರೆಗೆ ದುಡಿಯುವ ಅಂತರರಾಜ್ಯ ವಲಸೆ ಕಾರ್ಮಿಕರು ಹತ್ತು ಅಥವಾ ಹೆಚ್ಚು ಮಂದಿ ಇರುವ ಕಡೆ, ಊರಿಗೆ ಹೋಗಿಬರುವ ಖರ್ಚನ್ನು ವರ್ಷಕ್ಕೊಮ್ಮೆ ಮಾಲೀಕ ಕೊಡಬೇಕು. ತಾವಾಗಿಯೇ ಬಂದು ಕೆಲಸ ಹಿಡಿದವರೂ ಇದರಲ್ಲಿ ಸೇರುತ್ತಾರೆ. ಇದಕ್ಕೆ ಕನಿಷ್ಠ ಸೇವಾವಧಿಯ ಷರತ್ತುಂಟು, ಸೇರಿದ ದಿನಾಂಕವಿರುವ ನೇಮಕ ಪತ್ರವನ್ನು ಕೇಳಿ ಪಡೆಯಿರಿ. ಅದನ್ನು ಕೊಡುವುದೂ ಈಗ ಕಡ್ಡಾಯ. ಜಗಳೂರು, ಮೊಳಕಾಲ್ಮುರುಗಳಿಂದ ಬೆಂಗಳೂರಿಗೆ ಗುಳೆ ಹೋಗುವವರಿಗೆ ಮಾತ್ರ ಈ ಪ್ರಯಾಣ ಭತ್ಯೆ ಸಿಗದು, ರಾಜ್ಯದ ಗಡಿ ದಾಟಿದವರಿಗಷ್ಟೇ ಅದು.