ಕೂಪೆಗೆ ಹೊಸ ಅಲಾಯ್ ಚಕ್ರ: ಸ್ಟೀರಿಂಗ್ ನಡುಕ ನಿಂತದ್ದು ಹೀಗೆ

ನನ್ನ ಬಿಎಂಡಬ್ಲ್ಯೂ 4 ಸರಣಿಯ ಎಫ್32 ಕೂಪೆಗೆ ಬೇರೆ ತಯಾರಕರ ಅಲಾಯ್ ಚಕ್ರಗಳನ್ನು ಹಾಕಿಸಿದ ಮೇಲೆ, ವೇಗ ಗಂಟೆಗೆ 90 ಕಿ.ಮೀ. ದಾಟುತ್ತಿದ್ದಂತೆ ಸ್ಟೀರಿಂಗ್ ಸಣ್ಣಗೆ ನಡುಗತೊಡಗಿತು. 120 ಮಿ.ಮೀ. ವೃತ್ತದ ಐದು ಬೋಲ್ಟ್ ರಂಧ್ರಗಳು ಸರಿಯಾಗಿಯೇ ಹೊಂದಿದ್ದವು. ಚಕ್ರದ ತೂಕವನ್ನು ಸುತ್ತಲೂ ಸಮವಾಗಿಸುವ ಬ್ಯಾಲೆನ್ಸಿಂಗ್ ಮತ್ತೆ ಮಾಡಿಸಿದರೂ ಫಲ ಸಿಗಲಿಲ್ಲ.

ಚಕ್ರವನ್ನು ಬಿಚ್ಚಿ ಕ್ಯಾಲಿಪರ್‌ನಿಂದ ಅಳೆದಾಗ ಕಾರಣ ತಿಳಿಯಿತು. ಚಕ್ರ ಕೂರುವ, ಕಾರಿನ ಕಡೆಯ ನಡುಭಾಗವಾದ ಹಬ್‌ನ ವ್ಯಾಸ 72.6 ಮಿ.ಮೀ., ಚಕ್ರದ ನಡುರಂಧ್ರದ್ದು 74.1 ಮಿ.ಮೀ. ಹಲವು ಕಾರುಗಳಿಗೆ ಹೊಂದಲೆಂದು ಈ ರಂಧ್ರವನ್ನು ದೊಡ್ಡದಾಗಿಯೇ ಕೊರೆದಿರುವುದರಿಂದ, ಚಕ್ರವು ಹಬ್‌ನ ಮೇಲೆ ಕೂರದೆ ಬೋಲ್ಟುಗಳನ್ನಷ್ಟೇ ನೆಚ್ಚಿಕೊಂಡಿರುತ್ತದೆ. ಕೂದಲೆಳೆಯಷ್ಟು ಸರಿದಿದ್ದರೂ ವೇಗದಲ್ಲಿ ಅದು ಕೈಗೆ ತಿಳಿಯುತ್ತದೆ. ಬ್ಯಾಲೆನ್ಸಿಂಗ್ ಯಂತ್ರವು ಚಕ್ರವನ್ನು ತನ್ನದೇ ಶಂಕುವಿನ ಮೇಲೆ ನಡುವಿಗೆ ತರುವುದರಿಂದ ಅಲ್ಲಿ ಈ ದೋಷ ಕಾಣಿಸದು.

ಹಬ್‌ನ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ ತೆಗೆದು, 74.1ರಿಂದ 72.6ಕ್ಕೆ ಇಳಿಸುವ ಅಲ್ಯೂಮಿನಿಯಂ ಉಂಗುರಗಳನ್ನು ಕೂರಿಸಿದೆ. ಒತ್ತಿದಾಗ ಉಂಗುರ ಅಲುಗದೆ ಬಿಗಿಯಾಗಿ ಕೂರಬೇಕು. ಸಡಿಲವಾದದ್ದು ಇದ್ದೂ ಇಲ್ಲದಂತೆಯೇ. ಚಕ್ರ ನೆಲಕ್ಕೆ ತಾಗದಿರುವಾಗಲೇ ಬೋಲ್ಟುಗಳನ್ನು ನಕ್ಷತ್ರಾಕಾರದ ಕ್ರಮದಲ್ಲಿ ಬಿಗಿದು, ಕಾರನ್ನು ಕೆಳಗಿಳಿಸಿದ ನಂತರ ಬಿಗಿತವನ್ನು ಅಳೆದು ತಿರುಗಿಸುವ ಟಾರ್ಕ್ ರೆಂಚ್‌ನಿಂದ 140 ನ್ಯೂಟನ್ ಮೀಟರ್‌ಗೆ ತಂದೆ. ನಡುಕ ಪೂರ್ತಿ ನಿಂತಿತು. ಸುಮಾರು 100 ಕಿ.ಮೀ. ಓಡಿಸಿದ ಮೇಲೆ ಬಿಗಿತವನ್ನು ಇನ್ನೊಮ್ಮೆ ಪರಿಶೀಲಿಸಿದೆ.