ಫೀ ಕಟ್ಟಿದ್ದೆವು, ಮತ ಇರಲಿಲ್ಲ

ಶಿವಮೊಗ್ಗದಲ್ಲಿ ನನ್ನ ಮಗಳು ಹೋಗುವ ಕ್ಲೈಂಬಿಂಗ್ ಜಿಮ್‌ನಲ್ಲಿ ಪೋಷಕರಿಗೂ ಆಡಳಿತ ಮಂಡಳಿಗೂ ಒಂದು ಮಳೆಗಾಲಕ್ಕೆ ಶುರುವಾದ ಜಗಳ ಮುಂದಿನ ಮಳೆಗಾಲದವರೆಗೂ ನಡೆಯಿತು. ಪೋಷಕರ ಪರವಾಗಿ ಕಾಗದಪತ್ರ ಓಡಾಡಿಸಿದವಳು ನಾನು. ಇಂಥದೇ ಪರಿಸ್ಥಿತಿಯಲ್ಲಿರುವ ಈಜು ಕ್ಲಬ್ಬು, ಯಕ್ಷಗಾನ ಶಾಲೆ, ಚೆಸ್ ಅಕಾಡೆಮಿಗಳ ಪೋಷಕರು ಆಮೇಲೆ ಫೋನ್ ಮಾಡಿ "ನೀವು ಹೇಗೆ ಮಾಡಿದಿರಿ?" ಅಂತ ಕೇಳುತ್ತಿದ್ದಾರೆ. ಹಾಗಾಗಿ ಒಂದೇ ಸಲ ಬರೆದಿಡುತ್ತಿದ್ದೇನೆ. ಊರು ಸಣ್ಣದು, ಹೆಸರುಗಳು ಬೇಡ.

ಜಿಮ್ ಇರುವುದು ಸಾಗರ ರಸ್ತೆ ಕಡೆಯ ಒಂದು ಹಳೇ ಅಡಿಕೆ ಗೋಡೌನಿನಲ್ಲಿ. ಪ್ಲೈವುಡ್ ಗೋಡೆ, ಅದಕ್ಕೆ ಕೈಕಾಲು ಊರಿ ಹತ್ತಲು ಬಣ್ಣಬಣ್ಣದ ಹೋಲ್ಡ್‌ಗಳು, ಒಂದು ಬದಿಗೆ ಹಗ್ಗ ಕಟ್ಟಿ ಹತ್ತುವ ಜಾಗ, ಇನ್ನೊಂದು ಬದಿಗೆ ಹಗ್ಗವಿಲ್ಲದೆ ಹತ್ತುವ ಬೌಲ್ಡರಿಂಗ್, ಕೆಳಗೆ ದಪ್ಪ ಹಾಸಿಗೆ. ಕಟ್ಟಿಸಿದವರು ಚಾರಣದ ಹುಚ್ಚಿದ್ದ ಕೆಲವು ಹಿರಿಯರು. ಸ್ವಂತ ದುಡ್ಡು ಹಾಕಿ, ದೇಣಿಗೆ ಎತ್ತಿ ಕಟ್ಟಿಸಿದರು. ಸರ್ಕಾರಿ ಶಾಲೆ ಮಕ್ಕಳಿಗೆ ಇವತ್ತಿಗೂ ಫೀ ಇಲ್ಲ. ಇದನ್ನು ಮೊದಲೇ ಹೇಳಬೇಕು, ಯಾಕೆಂದರೆ ಜಗಳ ಕಾವೇರಿದಾಗ ನಮ್ಮವರೇ ಕೆಲವರು ಅವರನ್ನು ಕಳ್ಳರು ಅಂದುಬಿಟ್ಟರು. ಕಳ್ಳರಾಗಿರಲಿಲ್ಲ.

ನಮ್ಮ ಕಡೆ ಮಕ್ಕಳಿಗೆ ಕ್ಲೈಂಬಿಂಗ್ ಅಂದರೆ ಬಹಳ ಕಾಲ ಚಿತ್ರದುರ್ಗದ ಕೋಟೆ ಗೋಡೆ ಹತ್ತುವ ಜ್ಯೋತಿರಾಜ್ ಒಬ್ಬರೇ. ಟೋಕಿಯೋ ಒಲಿಂಪಿಕ್ಸ್‌ಗೆ ಈ ಆಟ ಸೇರಿದ ಮೇಲೆ ಲೆಕ್ಕಾಚಾರ ಬದಲಾಯಿತು. ಭಾರತೀಯ ಪರ್ವತಾರೋಹಣ ಪ್ರತಿಷ್ಠಾನದ ದಕ್ಷಿಣ ವಲಯ ಸ್ಪರ್ಧೆ, ಅಲ್ಲಿಂದ ರಾಷ್ಟ್ರೀಯ ಮಟ್ಟ ಅಂತ ಪೋಷಕರ ತಲೆಯಲ್ಲಿ ಏಣಿ ಬೆಳೆಯಿತು. ಸ್ಪರ್ಧೆಗೆ ಹೋಗುವ ಮಕ್ಕಳ ಪೋಷಕರು ಒಂದು ಕಡೆ, ಸುಮ್ಮನೆ ಖುಷಿಗೆ ಬರುವ ಮಕ್ಕಳ ಪೋಷಕರು ಇನ್ನೊಂದು ಕಡೆ. ಸಂಜೆಯ ಒಳ್ಳೆಯ ಹೊತ್ತು ಯಾರಿಗೆ ಅನ್ನುವ ಕಿತ್ತಾಟ ಮೊದಲಿಂದಲೂ ಇತ್ತು.

ಆ ಜೂನ್‌ನಲ್ಲಿ ಮೂರು ಸಂಗತಿ ಒಟ್ಟಿಗೆ ಬಂದವು. ಹಾಸಿಗೆಗಳಿಗೆ ಬೂಸ್ಟು ಹಿಡಿದು ಮಕ್ಕಳು ಕೆಮ್ಮತೊಡಗಿದರು. ಹೊಸ ಹಗ್ಗಕ್ಕೆಂದು ನಾವೇ ಚಂದಾ ಎತ್ತಿ ಕೊಟ್ಟ ದುಡ್ಡು ಎಲ್ಲಿ ಹೋಯಿತು ಅಂತ ಕೇಳಿದವರಿಗೆ ಉತ್ತರ ಸಿಗಲಿಲ್ಲ. ಮಕ್ಕಳಿಗೆ ಪ್ರಾಣವಾಗಿದ್ದ ಕೋಚ್‌ಗೆ ನಾಳೆಯಿಂದ ಬರಬೇಡಿ ಅಂತ ಒಂದು ಮೆಸೇಜ್ ಹೋಯಿತು. ನಮ್ಮ ವಾಟ್ಸಾಪ್ ಗುಂಪು ಹೊತ್ತಿಕೊಂಡಿತು. ಎಲ್ಲರೂ ಸೇರಿ ಅಧ್ಯಕ್ಷರ ಮನೆಗೆ ಹೋದೆವು. ಅವರು ಕಾಫಿ ಕೊಟ್ಟು ಕೂರಿಸಿ, "ಇಷ್ಟು ವರ್ಷ ಮಕ್ಕಳನ್ನ ನನ್ನ ಕೈಲಿ ಬಿಟ್ಟಿದ್ರಿ, ಈಗ ನಂಬಿಕೆ ಹೋಯ್ತಾ?" ಅಂದರು. ಬಂದವರಲ್ಲಿ ಅರ್ಧ ಜನ ಅಲ್ಲೇ ತಣ್ಣಗಾದರು.

ನಾನು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘವೊಂದರಲ್ಲಿ ಕಾರ್ಯದರ್ಶಿ. ಷೇರು ಪತ್ರ ಹಿಡಿದುಕೊಂಡು ಬಂದು ಮಹಾಸಭೆಯಲ್ಲಿ ಜೋರು ಮಾಡುವ ರೈತರನ್ನು ವರ್ಷವರ್ಷವೂ ನೋಡಿದವಳು. ಕಾಫಿ ಕುಡಿದು ವಾಪಸು ಬರುವಾಗ ನನಗೆ ಬಂದ ಪ್ರಶ್ನೆ ಇಷ್ಟೇ: ಇವರ ಸಭೆಯಲ್ಲಿ ಕೂರುವ ಹಕ್ಕು ನಮ್ಮಲ್ಲಿ ಯಾರಿಗಿದೆ? ಯಾರಿಗೂ ಇರಲಿಲ್ಲ. ನಾವು ಕಟ್ಟುತ್ತಿದ್ದದ್ದು ತರಬೇತಿ ಶುಲ್ಕ. ಅದರ ರಸೀದಿ ಎಷ್ಟಿದ್ದರೂ ಸದಸ್ಯತ್ವವಾಗುವುದಿಲ್ಲ. ದೇಣಿಗೆ ಕೊಟ್ಟು ಆದಾಯ ತೆರಿಗೆ ವಿನಾಯಿತಿಯ 80ಜಿ ಪ್ರಮಾಣಪತ್ರ ಪಡೆದವರೂ ಸದಸ್ಯರಲ್ಲ. ಈ ಜಿಮ್ ನಡೆಸುವುದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾದ ಸಂಘ. ಇಂಥ ಸಂಘ ಕಟ್ಟಲು ಏಳು ಜನ ಸಾಕು. ಆಮೇಲೆ ಯಾರನ್ನು ಸೇರಿಸಬೇಕು, ಹೇಗೆ ಸೇರಿಸಬೇಕು ಅನ್ನುವುದು ಬೈಲಾದಲ್ಲಿ, ಅಂದರೆ ಸಂಘದ ನಿಯಮಾವಳಿಯಲ್ಲಿ ಇರುತ್ತದೆ.

ಬೈಲಾ ಕೊಡಿ ಅಂತ ಕಚೇರಿಯಲ್ಲಿ ಕೇಳಿದರೆ "ಅದು ಒಳಗಿನ ಕಾಗದ ಮೇಡಂ" ಅಂದರು. ಒಳಗಿನ ಕಾಗದ ಅಲ್ಲ. ನೋಂದಣಿ ಮಾಡಿಸುವಾಗಲೇ ಅದನ್ನು ಸಂಘಗಳ ನೋಂದಣಾಧಿಕಾರಿ ಕಚೇರಿಗೆ ಕೊಟ್ಟಿರುತ್ತಾರೆ, ಅಲ್ಲಿ ಶುಲ್ಕ ಕಟ್ಟಿ ದೃಢೀಕೃತ ನಕಲು ಪಡೆಯಬಹುದು. ಸಹಕಾರ ಇಲಾಖೆಯದೇ ಕಚೇರಿಯಾದ್ದರಿಂದ ನನಗೆ ಆ ಮೆಟ್ಟಿಲು ಹೊಸದಲ್ಲ. ಅದರ ಜೊತೆಗೆ ಮಾಹಿತಿ ಹಕ್ಕಿನಲ್ಲೂ ಅರ್ಜಿ ಹಾಕಿದೆ. ಸಂಘಕ್ಕೇ ನೇರವಾಗಿ ಹಾಕಿದರೆ ಅದು ಸಾರ್ವಜನಿಕ ಪ್ರಾಧಿಕಾರ ಹೌದೋ ಅಲ್ಲವೋ ಅನ್ನುವ ವಾದದಲ್ಲೇ ವರ್ಷ ಕಳೆಯುತ್ತದೆ. ನೋಂದಣಾಧಿಕಾರಿ ಕಚೇರಿಗೆ ಹಾಕಿದರೆ ಆ ರಗಳೆ ಇಲ್ಲ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ಮೂವತ್ತು ದಿನದ ಗಡುವು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಕಷ್ಟಸುಖವನ್ನೆಲ್ಲ ಅದರಲ್ಲಿ ತೋಡಿಕೊಳ್ಳಲು ಹೋದರೆ ಅರ್ಜಿ ವಾಪಸು ಬರುತ್ತದೆ. ವಾರ್ಷಿಕ ಲೆಕ್ಕಪತ್ರಕ್ಕೆ ಒಂದು, ಆಡಳಿತ ಮಂಡಳಿಯ ಪಟ್ಟಿಗೆ ಇನ್ನೊಂದು ಅಂತ ಬೇರೆಬೇರೆ ಬರೆದೆ.

ಬೈಲಾ ಕೈಗೆ ಬಂದ ದಿನ ನಾನೂ ಇನ್ನಿಬ್ಬರು ತಾಯಂದಿರೂ ದುರ್ಗಿಗುಡಿಯ ಒಂದು ಹೋಟೆಲಿನಲ್ಲಿ ಕೂತು ಪುಟ ಪುಟ ಓದಿದೆವು. ಹದಿನೆಂಟು ತುಂಬಿದ, ಸಂಘದ ಉದ್ದೇಶ ಒಪ್ಪುವ ಯಾರೇ ಆದರೂ ವಾರ್ಷಿಕ ಚಂದಾ ಕಟ್ಟಿ ಸಾಮಾನ್ಯ ಸದಸ್ಯರಾಗಬಹುದು, ಆಡಳಿತ ಮಂಡಳಿ ಒಪ್ಪಬೇಕು, ಅಷ್ಟೇ ಇತ್ತು. ಬಾಗಿಲು ಮೊದಲಿಂದಲೂ ತೆರೆದೇ ಇತ್ತು. ಅರ್ಜಿ ಕೊಡಿ ಅಂತ ಯಾರೂ ನಮಗೆ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. "ಅಷ್ಟೇ ಅಲ್ವಾ ಮಾರಾಯ್ರೆ, ನಾಳೆನೇ ಕೊಟ್ಟು ಬಿಡಣ" ಅಂದರು ಜೊತೆಗಿದ್ದ ಹೊಸನಗರದವರು. ಕೊಟ್ಟೆವು, ಸ್ವೀಕೃತಿ ಸಹಿ ಹಾಕಿಸಿಕೊಂಡೇ ಕೊಟ್ಟೆವು. ಮಂಡಳಿ ಆ ಅರ್ಜಿಗಳ ಮೇಲೆ ಕೂತುಬಿಟ್ಟಿತು. ಇಲ್ಲ ಅನ್ನಲಿಲ್ಲ, ಹೌದೂ ಅನ್ನಲಿಲ್ಲ. ಎಷ್ಟು ದಿನದಲ್ಲಿ ತೀರ್ಮಾನ ಮಾಡಬೇಕು ಅನ್ನುವ ವಿಷಯಕ್ಕೆ ಬೈಲಾ ಮೌನವಾಗಿತ್ತು.

ಹೊಸ ಸದಸ್ಯರಾಗಲು ಬಿಡದಿದ್ದರೆ ಹಳೆಯ ಸದಸ್ಯರನ್ನೇ ಹುಡುಕಬೇಕು. ಪಟ್ಟಿಯಲ್ಲಿದ್ದ ಹೆಸರುಗಳಲ್ಲಿ ಕೆಲವರು ತೀರಿಹೋಗಿದ್ದರು, ಕೆಲವರು ಮಕ್ಕಳ ಜೊತೆ ಬೆಂಗಳೂರು ಸೇರಿದ್ದರು. ಉಳಿದವರು ತೀರ್ಥಹಳ್ಳಿ, ಕೊಪ್ಪ, ಸಾಗರದ ಕಡೆ ಚದುರಿದ್ದರು. ಅವರ ಮನೆಗಳಿಗೆ ಹೋದೆವು. ಇಡೀ ಕೆಲಸದಲ್ಲಿ ಫಲ ಕೊಟ್ಟದ್ದು ಇದೇ, ಬೇರೆಯವರಿಗೆ ನಾನು ಒತ್ತಿ ಹೇಳುವುದೂ ಇದನ್ನೇ. ಸ್ಥಾಪಕರನ್ನೆಲ್ಲ ಒಂದೇ ಪಕ್ಷ ಅಂದುಕೊಳ್ಳಬಾರದು. ತೀರ್ಥಹಳ್ಳಿಯ ನಿವೃತ್ತ ಮೇಷ್ಟ್ರೊಬ್ಬರು ಮಹಾಸಭೆಯ ನೋಟಿಸು ಬಂದು ಎಷ್ಟೋ ಕಾಲವಾಯಿತು ಅಂತ ನಮಗಿಂತ ಹೆಚ್ಚು ಸಿಟ್ಟಾಗಿದ್ದರು. "ನಾನು ಬದುಕಿದೀನಿ ಅಂತ ಅವ್ರಿಗೆ ಮರ್ತೇ ಹೋಗಿದೆ ಕಣಮ್ಮ" ಅಂದರು. ವರ್ಷಕ್ಕೊಂದು ಮಹಾಸಭೆ ನಡೆಸಬೇಕು, ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರ ನೋಂದಣಾಧಿಕಾರಿಗೆ ಸಲ್ಲಿಸಬೇಕು ಅಂತ ಕಾಯ್ದೆ ಹೇಳುತ್ತದೆ. ಮಾಹಿತಿ ಹಕ್ಕಿನ ಉತ್ತರದಲ್ಲಿ ಇತ್ತೀಚಿನ ವರ್ಷಗಳ ಜಾಗದಲ್ಲಿ ಏನೂ ಇರಲಿಲ್ಲ.

ಕಾಯ್ದೆಯ 25ನೇ ಕಲಮಿನ ಪ್ರಕಾರ ಮೂರನೇ ಒಂದು ಭಾಗ ಸದಸ್ಯರು ಅರ್ಜಿ ಕೊಟ್ಟರೆ ನೋಂದಣಾಧಿಕಾರಿ ವಿಚಾರಣೆ ನಡೆಸಲೇಬೇಕು. ಪಟ್ಟಿ ಸಣ್ಣದಾದ್ದರಿಂದ ಅಷ್ಟು ಸಹಿ ನಮಗೆ ಸಿಕ್ಕಿತು. ಪೋಷಕರಲ್ಲಿ ಬಿಸಿರಕ್ತದವರು ಇವತ್ತೇ ಕೊಡೋಣ ಅಂದರು. ನಾನು ಬಿಡಲಿಲ್ಲ. ವಿಚಾರಣೆ ಶುರುವಾದರೆ ಅದು ಯಾವಾಗ ಮುಗಿಯುತ್ತದೋ ದೇವರಿಗೇ ಗೊತ್ತು. ಮುಂದುವರಿದು ಮಂಡಳಿಯ ಜಾಗಕ್ಕೆ ಸರ್ಕಾರದ ಆಡಳಿತಾಧಿಕಾರಿ ನೇಮಕವಾದರೆ, ಹತ್ತು ಕಡೆ ಚಾರ್ಜು ಇರುವ ಅಧಿಕಾರಿ ಬಂದು ಮಕ್ಕಳ ಹಗ್ಗ ಪರೀಕ್ಷೆ ಮಾಡುತ್ತಾರೆಯೇ? ಗೋಡೌನಿಗೆ ಬೀಗ ಬೀಳುತ್ತದೆ, ಅಷ್ಟೇ. ಆ ಅರ್ಜಿಯನ್ನು ಸಹಿಗಳ ಸಮೇತ ಫೈಲಿನಲ್ಲಿಟ್ಟುಕೊಂಡು, ಬೈಲಾದಲ್ಲೇ ಇದ್ದ ಇನ್ನೊಂದು ದಾರಿಯಲ್ಲಿ ಹೋದೆವು. ವಿಶೇಷ ಮಹಾಸಭೆ ಕರೆಯಿರಿ ಅಂತ ಹಳೆಯ ಸದಸ್ಯರಿಂದಲೇ ಲಿಖಿತ ಬೇಡಿಕೆ. ಫೈಲಿನಲ್ಲಿ ಏನಿದೆ ಅನ್ನುವುದು ಅಧ್ಯಕ್ಷರ ಕಿವಿಗೆ ಬೀಳುವ ಹಾಗೆ ಮೇಷ್ಟ್ರು ನೋಡಿಕೊಂಡರು.

ಅಜೆಂಡಾ ಬರೆಯುವಾಗ ನಮ್ಮವರ ಜೊತೆಯೇ ನನಗೆ ಜಗಳವಾಯಿತು. ಕೋಚ್‌ನ ವಿಷಯ ಸೇರಿಸಲು ನಾನು ಒಪ್ಪಲಿಲ್ಲ. ನೌಕರನನ್ನು ಇಟ್ಟುಕೊಳ್ಳುವುದು, ಬಿಡುವುದು ಆಡಳಿತ ಮಂಡಳಿಯ ಕೆಲಸ. ಅದನ್ನು ಮಹಾಸಭೆಯಲ್ಲಿ ಕೈಯೆತ್ತಿಸಿ ತೀರ್ಮಾನಿಸಿದರೆ ನಾಳೆ ಬರುವ ಕೋಚ್ ಪೋಷಕರ ಮುಖ ನೋಡಿಕೊಂಡೇ ಪಾಠ ಮಾಡಬೇಕಾಗುತ್ತದೆ. ತೆಗೆಯುವ ರೀತಿಗೆ ಒಂದು ನಿಯಮ ಇರಲಿ, ಕಾರಣ ಬರಹದಲ್ಲಿರಲಿ, ನೋಟಿಸು ಅವಧಿ ಇರಲಿ ಅಂತ ಕೇಳಬಹುದು. ಈ ಮಾತಿಗೆ ಎರಡು ಮನೆಯವರು ನನ್ನ ಜೊತೆ ಮಾತು ಬಿಟ್ಟರು. ಒಬ್ಬರು ಇನ್ನೂ ಬಿಟ್ಟೇ ಇದ್ದಾರೆ.

ಸಭೆಗೆ ಮುಂಚೆ ಅಧ್ಯಕ್ಷರನ್ನು ಒಬ್ಬಳೇ ಹೋಗಿ ಕಂಡೆ. ಗುಂಪಾಗಿ ಹೋದಾಗ ಸಿಗದ ಮಾತು ಆಗ ಸಿಕ್ಕಿತು. ಗೋಡೌನಿನ ಬಾಡಿಗೆ ಕರಾರಿನಲ್ಲಿ ಇರುವುದು ಅವರ ಸಹಿ. "ಒಂದು ಮಗು ಬಿದ್ದು ಏನಾದ್ರೂ ಆದ್ರೆ ಎಫ್ಐಆರ್‌ನಲ್ಲಿ ಬರೋದು ನನ್ನ ಹೆಸರು ಮೇಡಂ, ನಿಮ್ಮ ವಾಟ್ಸಾಪ್ ಗುಂಪಿನದ್ದಲ್ಲ" ಅಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಎಲ್ಲವನ್ನೂ ಬಿಗಿಯಾಗಿ ಹಿಡಿದುಕೊಂಡಿದ್ದಕ್ಕೆ ಮೂಲ ಈ ಭಯ. ಹಗ್ಗದ ದುಡ್ಡೂ ಹಾಗೇ. ಬಾಡಿಗೆ ಬಾಕಿ ಬಿದ್ದಾಗ ಅದಕ್ಕೆ ತಿರುಗಿಸಿದ್ದರು, ಹೇಳಲು ಮುಜುಗರವಾಗಿ ಸುಮ್ಮನಿದ್ದರು. ಒಂದು ಉದ್ದೇಶಕ್ಕೆ ಕೊಟ್ಟ ದುಡ್ಡನ್ನು ಇನ್ನೊಂದಕ್ಕೆ ಬಳಸಿದ್ದು ತಪ್ಪು, ಅದನ್ನು ಸಭೆಯ ಮುಂದೆ ಇಟ್ಟು ನಡಾವಳಿಯಲ್ಲಿ ಬರೆಸಿ ಅಂದೆ. ಬರೆಸಿದರು.

ಹೊಣೆ ಹಂಚಿಕೊಳ್ಳಲು ನಾವು ಮುಂದಿಟ್ಟದ್ದು ಸಲಕರಣೆ ರಿಜಿಸ್ಟರು. ಪ್ರತಿ ಹಗ್ಗಕ್ಕೆ, ಸೊಂಟಕ್ಕೆ ಕಟ್ಟುವ ಪ್ರತಿ ಹಾರ್ನೆಸ್‌ಗೆ ಒಂದು ನಂಬರು, ತಯಾರಾದ ವರ್ಷ, ಬಳಕೆಗೆ ಇಳಿಸಿದ ತಾರೀಕು. ಹಗ್ಗ, ಹಾರ್ನೆಸ್‌ನಂಥ ನೂಲಿನ ಸಾಮಾನಿಗೆ ಸಾಮಾನ್ಯವಾಗಿ ತಯಾರಕರು ಕೊಡುವ ಗರಿಷ್ಠ ಆಯಸ್ಸು ಹತ್ತು ವರ್ಷ, ಅದೂ ಬಳಸದೆ ಸರಿಯಾಗಿ ಇಟ್ಟರೆ. ದಿನವೂ ಮಕ್ಕಳು ನೇತಾಡುವ ಹಗ್ಗವನ್ನು ಅದಕ್ಕಿಂತ ಬಹಳ ಮೊದಲೇ ತೆಗೆಯಬೇಕು. ಗಂಟು ಹಾಕುವ ತುದಿಯೇ ಮೊದಲು ಸವೆಯುವುದು. ಬೆರಳಲ್ಲಿ ಒತ್ತುತ್ತಾ ಹೋದರೆ ಒಳಗಿನ ಎಳೆ ಮೆತ್ತಗಾದ ಜಾಗ ಗೊತ್ತಾಗುತ್ತದೆ. ಮಲೆನಾಡಿನಲ್ಲಿ ಇದರ ಜೊತೆಗೆ ನಮ್ಮದೇ ತಾಪತ್ರಯಗಳಿವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ಲೈವುಡ್ ಉಬ್ಬುತ್ತದೆ, ಹೋಲ್ಡ್ ಕೂರಿಸುವ ನಟ್ಟುಗಳು ಗೋಡೆಯ ಹಿಂದೆ ತುಕ್ಕು ಹಿಡಿಯುತ್ತವೆ, ಬೋಲ್ಟು ಬಿಗಿಯಾಗಿದೆ ಅನ್ನಿಸಿದರೂ ಹೋಲ್ಡ್ ತಿರುಗುತ್ತದೆ. ವಾರಕ್ಕೊಮ್ಮೆ ತಪಾಸಣೆ, ಕೆಳಗೆ ಎರಡು ಸಹಿ: ಒಂದು ಸಂಘದ್ದು, ಒಂದು ಪೋಷಕರದ್ದು. ಸಹಿ ಹಾಕುವ ಸರದಿ ಬಂದಾಗ ವಾಟ್ಸಾಪಿನಲ್ಲಿ ಬೆಂಕಿ ಉಗುಳಿದ್ದ ಕೆಲವು ಅಪ್ಪಂದಿರಿಗೆ ಭಾನುವಾರ ಬೇರೆ ಕೆಲಸ ಬರತೊಡಗಿತು. ಇರಲಿ.

ಮಂಡಳಿಯವರು ಪೋಷಕರ ಸಲಹಾ ಸಮಿತಿ ಮಾಡಿಕೊಡುತ್ತೇವೆ ಅಂದರು. ಅದನ್ನು ನಾವು ತೆಗೆದುಕೊಳ್ಳಲಿಲ್ಲ. ಸಲಹಾ ಸಮಿತಿ ಅಂದರೆ ಮದುವೆ ಮನೆಯಲ್ಲಿ ಊಟ ಹೇಗಿತ್ತು ಅಂತ ಕೇಳಿದ ಹಾಗೆ, ಅಡಿಗೆ ಆಗಲೇ ಮುಗಿದಿರುತ್ತದೆ. ಬಾಕಿ ಇಟ್ಟ ಸದಸ್ಯತ್ವದ ಅರ್ಜಿಗಳನ್ನು ಒಪ್ಪಿ, ಆಡಳಿತ ಮಂಡಳಿಯಲ್ಲೇ ಪೋಷಕರಿಗೆ ಎರಡು ಸ್ಥಾನ ಕೊಡಿ ಅಂತ ಕೂತೆವು. ಪ್ರತಿಯಾಗಿ ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು: ಯಾರ ಮಗು ಸ್ಪರ್ಧಾ ತಂಡದಲ್ಲಿದೆಯೋ ಆ ಪೋಷಕರು ಆಯ್ಕೆ, ಸಂಜೆಯ ಹೊತ್ತಿನ ಹಂಚಿಕೆ, ಕೋಚ್‌ನ ಸಂಬಳ ಈ ವಿಷಯಗಳು ಬಂದಾಗ ಎದ್ದು ಹೊರಗೆ ಹೋಗಬೇಕು. ನಮ್ಮಲ್ಲಿ ಇದು ಎಲ್ಲರಿಗೂ ಹಿಡಿಸಲಿಲ್ಲ. ಆ ಎರಡು ಸ್ಥಾನಕ್ಕೆ ಆಸೆಪಟ್ಟವರೆಲ್ಲ ಸ್ಪರ್ಧಾ ತಂಡದ ಮಕ್ಕಳ ಅಪ್ಪ ಅಮ್ಮಂದಿರೇ. ಕೊನೆಗೆ ಒಂದು ಸ್ಥಾನಕ್ಕೆ ಅವರಲ್ಲೊಬ್ಬರು, ಇನ್ನೊಂದಕ್ಕೆ ಬರೀ ಖುಷಿಗೆ ಹತ್ತುವ ಹುಡುಗನ ಅಜ್ಜಿ ಬಂದರು. ಅವರು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಲೆಕ್ಕ ಕೇಳುವ ಅವರ ಧಾಟಿಗೆ ಖಜಾಂಚಿ ಈಗ ರಸೀದಿ ಇಲ್ಲದೆ ಸಭೆಗೆ ಬರುವುದಿಲ್ಲ.

ಎಲ್ಲ ಸರಿಹೋಯಿತು ಅಂತ ಹೇಳಲಾರೆ. ಕೋಚ್ ವಾಪಸು ಬರಲಿಲ್ಲ, ಬೇರೆ ಊರಿನಲ್ಲಿ ಕೆಲಸ ಹಿಡಿದಿದ್ದಾರೆ, ಮಕ್ಕಳು ಅವರಿಗೆ ವಿಡಿಯೊ ಕಳಿಸುತ್ತಿರುತ್ತಾರೆ. ಮೂರು ಕುಟುಂಬಗಳು ಜಿಮ್ ಬಿಟ್ಟವು. ಅಧ್ಯಕ್ಷರು ಚುನಾವಣೆಯಲ್ಲಿ ಅವಿರೋಧವಾಗಿ ಮತ್ತೆ ಅಧ್ಯಕ್ಷರಾದರು. ನಾನೂ ಅವರಿಗೇ ಕೈಯೆತ್ತಿದೆ, ಬಾಡಿಗೆ ಕರಾರಿಗೆ ಸಹಿ ಹಾಕಲು ಬೇರೆ ಯಾರೂ ಮುಂದೆ ಬಂದಿರಲಿಲ್ಲ. ಬಾಕಿ ಲೆಕ್ಕಪತ್ರಗಳನ್ನು ನೋಂದಣಾಧಿಕಾರಿ ಕಚೇರಿಗೆ ದಂಡ ಕಟ್ಟಿ ಸಲ್ಲಿಸಿದ್ದಾಯಿತು. ಹಾಸಿಗೆಯ ಬೂಸ್ಟು ಮಾತ್ರ ಯಾವ ಠರಾವಿಗೂ ಜಗ್ಗಿಲ್ಲ. ಬಿಸಿಲು ಕಂಡ ದಿನ ಹೊರಗೆ ಎಳೆದು ಒಣಗಿಸುವುದೇ ಸದ್ಯಕ್ಕಿರುವ ಉಪಾಯ.

ಈಗಿನ ತಕರಾರು ಸ್ಪೀಡ್ ಗೋಡೆಯದ್ದು, ಅಂದರೆ ಯಾರು ಬೇಗ ಹತ್ತುತ್ತಾರೆ ಅನ್ನುವ ಸ್ಪರ್ಧೆಯ ಗೋಡೆ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ಪೀಡ್‌ಗೆ ಪ್ರತ್ಯೇಕ ಪದಕ ಕೊಟ್ಟ ಮೇಲೆ ಸ್ಪರ್ಧಾ ತಂಡದ ಪೋಷಕರಿಗೆ ಅದೇ ಬೇಕು. ಅಂತಾರಾಷ್ಟ್ರೀಯ ಅಳತೆಯ ಗೋಡೆ 15 ಮೀಟರ್ ಎತ್ತರ, ನಮ್ಮ ಗೋಡೌನಿನ ಮಾಡು ಅದಕ್ಕೆ ಎಲ್ಲಿಯೂ ಸಾಲದು. ಹೊರಗೆ ಕಟ್ಟಿದರೆ ಮಳೆಗಾಲದಲ್ಲಿ ಮುಟ್ಟುವಂತಿಲ್ಲ. ಆ ದುಡ್ಡಿನಲ್ಲಿ ಸರ್ಕಾರಿ ಶಾಲೆ ಮಕ್ಕಳನ್ನು ಕರೆತರಲು ವ್ಯಾನ್ ಇಡೋಣ ಅನ್ನುವವರು ಇನ್ನೊಂದು ಗುಂಪು. ಈ ಸಲ ಎರಡೂ ಕಡೆ ಇರುವವರು ಪೋಷಕರೇ, ಎಲ್ಲರಿಗೂ ಮತ ಇದೆ. ಮಹಾಸಭೆಯ ನೋಟಿಸು ಹೋಗಿದೆ, ತಿದ್ದುಪಡಿ ಇದ್ದವರು ಬರಹದಲ್ಲಿ ಕೊಡಬೇಕು. ಅಜ್ಜಿ ಆಗಲೇ ಒಂದು ಕೊಟ್ಟಿದ್ದಾರೆ: ಗೋಡೆಯೋ ವ್ಯಾನೋ, ಮೊದಲು ಅಂದಾಜು ಪಟ್ಟಿ ತನ್ನಿ ಅಂತ.